ಮಗ್ಗದ ಎಡಗಡೆ ಕೂತವಳು

ಫೆಬ್ರವರಿ 3, 2025. ಸೋಮವಾರ

ಬೆಳಗಿನ ಬಸ್ಸಿಗೆ ಚಳ್ಳಕೆರೆಯಿಂದ ಮೊಳಕಾಲ್ಮೂರು. ತಳಕಿನ ಬಳಿ ಪಂಚರ್. ನೇಕಾರರ ಸಂಘದ ಪತ್ರವ್ಯವಹಾರ ಎಂದಿನಂತೆ ನನ್ನದೇ. ಜಿನೀವಾದ ಸಂಸ್ಥೆಯೊಂದರ ಕಾಗದ — ನಮ್ಮ ರೇಷ್ಮೆ ಸೀರೆಗೆ ಹೊರದೇಶದ ಮಾರುಕಟ್ಟೆ. ಇಪ್ಪತ್ತು ಜನ ನೇಕಾರ ಹೆಂಗಸರಿಗೆ ತರಬೇತಿ, ಎರಡು ವರ್ಷ ಆರ್ಡರ್ ಖಾತ್ರಿ.

ನಗು ಬಂತು. ತೊಂಬತ್ತರ ದಶಕದಲ್ಲೂ ಜಿನೀವಾದಿಂದಲೇ ಬಂದಿತ್ತು ವಿಶ್ವ ವ್ಯಾಪಾರ ಒಪ್ಪಂದದ ಕರಡು, ಆಮದಿಗೆ ಬಾಗಿಲು ತೆರೆದರೆ ಎಲ್ಲರಿಗೂ ಒಳ್ಳೆಯದು ಎಂಬ ಮಾತು. ತೆರೆದೆವು. ಪಾಮ್ ಎಣ್ಣೆ ಬಂತು. ಪರಶುರಾಂಪುರದ ಶೇಂಗಾ ಅರೆಯುತ್ತಿದ್ದ ನಮ್ಮ ಮಿಲ್ಲು ಈಗ ಗೋಡೌನು. ಆ ಕರಡು ಒಪ್ಪಂದವನ್ನು ಪೂರ್ತಿ ಓದಿದ್ದವನು ನಮ್ಮ ಬೀದಿಯಲ್ಲಿ ನಾನೊಬ್ಬನೇ. ಓದಿ ಏನಾಯಿತು…

ಫೆಬ್ರವರಿ 6

ನೇಕಾರ ಸೂರಪ್ಪನ ಹೆಂಡತಿ ತಿಪ್ಪಮ್ಮ ಬಂದಿದ್ದಳು. ಯುಗಾದಿ ಕಳೆದ ಮೇಲೆ ನೂಲು ಕೊಡುವುದಿಲ್ಲ ಎಂದಿದ್ದಾನಂತೆ ವ್ಯಾಪಾರಿ.

"ಸಾವ್ಕಾರ್ರೇ, ನನ್ ಹೆಸ್ರು ಬರೀರಿ. ಇಲ್ದಿದ್ರೆ ಬಳ್ಳಾರಿಗೋಗಿ ಜೀನ್ಸ್ ಹೊಲೀಬೇಕು. ಇಪ್ಪತ್ತೆರಡು ವರ್ಷ ಆತು ಮಗ್ಗದಾಗೆ ಕುಂತು."

ಬರೆದೆ.

ಫೆಬ್ರವರಿ 19

ಜಿನೀವಾಕ್ಕೆ ಕಳಿಸಿದ್ದ ಪಟ್ಟಿ ವಾಪಸ್. ಇಪ್ಪತ್ತರಲ್ಲಿ ಹದಿನೇಳು ಹೆಸರಿಗೆ ಗೀಟು. ಸಂಘದ ದಾಖಲೆಯಲ್ಲಿ ಇವರು ನೇಕಾರರೇ ಅಲ್ಲವಂತೆ! ತಿಪ್ಪಮ್ಮನೂ.

ಇಂಗ್ಲಿಷಿನಲ್ಲಿ ಮೂರು ಪುಟ ಬರೆದೆ. ನಮ್ಮ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಒಂದೇ ಮಗ್ಗಕ್ಕೆ ಇಬ್ಬರು ಬೇಕು. ಪೀಠದ ಮೇಲೆ ಗಂಡ. ಎಡಗಡೆ ಕೂತು ಅಂಚಿನ ನೂಲಿನ ಲಾಳಿ ಎಸೆಯುವವಳು ಹೆಂಡತಿ. ಅವಳೆದ್ದರೆ ಸೀರೆ ನಿಂತಿತು. ಸ್ವಿಟ್ಜರ್ಲೆಂಡಿನಲ್ಲಿ ಕೂತವರಿಗೆ ಇದೆಲ್ಲ ಹೇಗೆ ಗೊತ್ತಿರಬೇಕು, ಇತ್ಯಾದಿ.

ಲಗತ್ತಿಸಲೆಂದು ಸಂಘದ 2019ರ ಮನೆಮನೆ ಗಣತಿಯ ಪುಸ್ತಕ ತೆಗೆಸಿದೆ. ತಿಪ್ಪಮ್ಮ. ಕಸುಬು: ಮನೆಗೆಲಸ.

ಅಕ್ಷರ ನನ್ನದು.

ಮಗ್ಗಕ್ಕೊಂದು ಹೆಸರು ಸಾಕು ಎಂದುಕೊಂಡಿದ್ದೆ. ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ. ಜಿನೀವಾದವರಂತೂ ಅಲ್ಲ. ಮೂರು ಪುಟ ಹರಿದೆ. ನಾಲ್ಕು ಸಾಲು ಬರೆದು ಕಳಿಸಿದೆ — ತಪ್ಪು ನನ್ನದು, ಬಂದು ನೋಡಿ.

ಫೆಬ್ರವರಿ 21

ಸೂರಪ್ಪನ ಮನೆಗೇ ಹೋಗಿ ನಡೆದದ್ದು ಹೇಳಿದೆ. ತಿಪ್ಪಮ್ಮ ಲಾಳಿ ಹಿಡಿದೇ ಕೇಳಿಸಿಕೊಂಡಳು.

"ನೀವಾ? ಅವತ್ತು ನೀವು ಬರ್ಕೊಳ್ಳಾಕೆ ಬಂದಾಗ ಮಗ್ಗದಿಂದ ಎದ್ದು ಬಂದು ನಾನೇ ಕಾಫಿ ಕೊಟ್ಟಿದ್ನಲ್ರೀ."



ಸೂರಪ್ಪನಿಗೆ ತಮಾಷೆ. "ಮನೆಗೆಲಸದವಳಂತೆ! ಹಂಗಾರೆ ಎದ್ದೋಗೇ, ಅಡಿಗೆ ಮಾಡು."

ಎದ್ದೇ ಹೋದಳು. ಮಗ್ಗ ನಿಂತಿತು. ಸೂರಪ್ಪ ಸ್ವಲ್ಪ ಹೊತ್ತು ನೂಲು ಸರಿಮಾಡಿದ. ಆಮೇಲೆ ಮೆಲ್ಲಗೆ ತೆಲುಗಿನಲ್ಲಿ ಬಾರೇ ಎಂದು ಕರೆದ, "ಏಮೇ, ರಾವೇ…"

ಒಳಗಿನಿಂದ: "ಮುದ್ದೆ ಆಗ್ಲಿ ತಡಿ!"

ಮಾರ್ಚ್ 4

ಜಿನೀವಾ ಸಂಸ್ಥೆಯ ಮಾಲತಿ ಬಂದರು. ನಾಲ್ಕು ಸಾಲು ಓದಿ ಬಂದೆ ಎಂದರು. ಹದಿನೇಳು ಮಗ್ಗಗಳನ್ನೂ ಕೂತು ನೋಡಿದರು. ನಾನು ಅವರ ಸಂಸ್ಥೆಯ ಇತಿಹಾಸ ಶುರು ಮಾಡಿದೆ. "ಸರ್, ಅದು ಊಟ ಆದ್ಮೇಲೆ," ಎಂದರು.

ಒಬ್ಬೊಬ್ಬರಿಗೂ ಹೊಸ ಫಾರಂ. ಹಿಂದೆ ತಪ್ಪು ಬರೆದವರ ಸಹಿ ಕೆಳಗೆ. ಐದು ಗಂಟೆಯೊಳಗೆ ಮಾಲತಿಯವರ ಕೈ ಸೇರಿದರೆ ಹೆಸರು ಉಳಿಯುತ್ತದೆ. ಹದಿನಾರಕ್ಕೆ ನಾನೇ ತುಂಬಿ ಸಹಿ ಹಾಕಿದೆ. ತಿಪ್ಪಮ್ಮ ಬಿಡಲಿಲ್ಲ. "ಕೊಡ್ರಿ ಇತ್ಲಾಗೆ, ನಂದು ನಾನೇ ಬರೀತೀನಿ. ಏಳ್ನೇ ಕ್ಲಾಸ್ ಓದೀನಿ."

ಕಸುಬು: ನೇಕಾರಿಕೆ. ದಪ್ಪ ಅಕ್ಷರ. ಸಹಿ ಹಾಕಿದೆ. ಪೆನ್ನು ಮತ್ತೆ ಅವಳೇ ಕಸಿದುಕೊಂಡಳು.

"ಗಂಡನ ಕಸುಬು ಅಂತ ಇನ್ನೊಂದು ಜಾಗ ಐತಲ್ರೀ ಸಾವ್ಕಾರ್ರೇ. ಅಲ್ಲೇನ್ ಬರೀಲಿ?"

ಸೂರಪ್ಪ ಪೀಠದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ನಾನು, "ಅವನನ್ನೇ ಕೇಳಿ ಬರಿ ತಾಯಿ, ನಾನು ಕೇಳದೇ ಬರೆದು ಕೆಟ್ಟೆ," ಎಂದೆ.