ಚೋರ್ತುತ್ ಊರಿನ ಕೊಪ್ಪರಿಗೆ ಮತ್ತು ನಿಮ್ಮ ಹನ್ನೆರಡು ಗುರಿಗಳು

ಮೇಲಿನ ಕಣಿವೆಯ ಬಂಡಾಯ ಸೇನೆಯ ದಳಪತಿಗಳೇ,

ನಮ್ಮೂರ ಕೊಪ್ಪರಿಗೆಯನ್ನು ಹಿಂದಿರುಗಿಸಿ. ಮೊದಲು 'ಮಾನ್ಯರೇ' ಎಂದೇ ಬರೆದಿದ್ದೆ. ಚಹಾದಂಗಡಿಯ ಹಿರಿಯರು, "ಕೊಪ್ಪರಿಗೆ ಬರ್ಲಿ, ಆಮೇಲೆ ಮಾನ್ಯರು" ಎಂದು ಹೊಡೆದು ಹಾಕಿಸಿದರು.

ನವ್ರೂಜ್ ಹಬ್ಬದ ಹಿಂದಿನ ದಿನ ನಿಮ್ಮವರು ನಾಲ್ವರು ಬಂದರು, ಚಹಾ ಕುಡಿದರು, ಒಂದೇ ದಿನದ ಮಟ್ಟಿಗೆಂದು ಕೇಳಿ, ಗಳಕ್ಕೆ ಕಟ್ಟಿಕೊಂಡು ಹೊತ್ತೊಯ್ದರು. ಆಗ ಏಪ್ರಿಕಾಟ್ ಇನ್ನೂ ಹೂಬಿಟ್ಟಿರಲಿಲ್ಲ. ಈಗ ಅದರ ಹಣ್ಣು ಮಾಳಿಗೆಯ ಮೇಲೆ ಒಣಗಿ ಚೀಲ ಸೇರಿದೆ. ಇನ್ನೊಂದು ತಿಂಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಅಷ್ಟರೊಳಗೆ ನಮ್ಮೂರಲ್ಲಿ ಒಂದು ಮದುವೆ ಆಗಬೇಕು. ಇನ್ನೂರು ಜನ ಒಂದೇ ಪಾತ್ರೆಯ ಮಾಂಸದನ್ನ, ನಮ್ಮ ಓಶ್, ಉಣ್ಣದಿದ್ದರೆ ಅದು ನಮ್ಮಲ್ಲಿ ಮದುವೆಯಲ್ಲ. ಮನೆಮನೆಯ ಸಣ್ಣ ಮಡಕೆಗಳಲ್ಲಿ ಅಕ್ಕಿ ಬೇಯಿಸಿದರೆ ಅದು ನಲವತ್ತು ಮನೆಗಳ ರಾತ್ರಿಯೂಟ, ಅಷ್ಟೆ.

ಆ ಮದುವೆ ನನ್ನದು, ಊರ ಶಾಲೆಯಲ್ಲಿ ಪಾಠ ಹೇಳುವವಳದು. ವರ ಅಯೊಮಿದ್ದೀನ್, ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಈಗ ನಿಮ್ಮಲ್ಲಿದ್ದಾನೆ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಬರೆಯುವ ಧೈರ್ಯವಿದೆ, ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ನಿಮ್ಮ ನಿಯಮದ ಪ್ರಕಾರ ಅವನಿಗೆ ರಜೆ ಸಿಗಬೇಕಾದರೆ ಮದುವೆಯ ದಿನ ಗೊತ್ತಾಗಿರಬೇಕು. ದಿನ ಗೊತ್ತುಮಾಡಲು ಕೊಪ್ಪರಿಗೆ ಬೇಕು. ಕೊಪ್ಪರಿಗೆ ನಿಮ್ಮ ಬಳಿ ಇದೆ. ಇಷ್ಟು ದುಂಡಗಿನ ನಿಯಮವನ್ನು ನೀವು ಯಾರ ವಿರುದ್ಧ ಬಂಡೆದ್ದಿರೋ ಆ ಸರಕಾರವೂ ಮಾಡಿರಲಿಲ್ಲ.

ನಿಮ್ಮ ಗುರಿಗಳನ್ನು ಅರಿಯದೆ ನಾನು ಮಾತಾಡುತ್ತಿಲ್ಲ. ಅವುಗಳ ಕರಪತ್ರ ತಿದ್ದಿಕೊಟ್ಟವಳೇ ನಾನು. ರಾಜಧಾನಿಯಲ್ಲಿ ಸಾಹಿತ್ಯ ಓದಿ ಬಂದವಳು ಈ ಕಣಿವೆಯಲ್ಲಿ ಒಬ್ಬಳೇ ಇದ್ದಾಳೆಂದು ತಾವೇ ಹೇಳಿಕಳಿಸಿದ್ದಿರಿ. ಹನ್ನೆರಡು ಗುರಿಗಳು. ನಾಲ್ಕನೆಯದು: 'ನಮ್ಮ ಸೇನೆ ಪ್ರಜೆಗಳ ಒಂದು ಸೂಜಿಯನ್ನೂ ಇಟ್ಟುಕೊಳ್ಳುವುದಿಲ್ಲ.' ಸೂಜಿಯ ವಿಷಯದಲ್ಲಿ ನೀವು ನುಡಿದಂತೆ ನಡೆದಿದ್ದೀರಿ. ಹನ್ನೆರಡನೆಯದು: ರಾಜಧಾನಿಯನ್ನು ಪ್ರವೇಶಿಸಿ ನ್ಯಾಯದ ಆಡಳಿತ ಸ್ಥಾಪಿಸುವುದು. ಇದನ್ನು ಚಹಾದಂಗಡಿಯಲ್ಲಿ ಓದಿ ಹೇಳಿದಾಗ ಮಿರ್ಜೊರಜಬ್ ತಾತ ಗಡ್ಡ ಕೆರೆದುಕೊಂಡು ಕೇಳಿದರು: "ರಾಜಧಾನೀನೂ ಒಂದೇ ದಿನದ ಮಟ್ಟಿಗೆ ಕೇಳಿದಾರಾ, ಹೆಂಗೆ?"

ನಕ್ಕವರಲ್ಲಿ ನಾನೂ ಒಬ್ಬಳು. ಕ್ಷಮಿಸಿ. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು: ಕೆಳಗೆ ಸೇತುವೆ ಕಾಯುವ ಸರಕಾರಿ ಪಡೆಯವರು ಅದೇ ಚಹಾದಂಗಡಿಯ ಬಾಗಿಲನ್ನು ಕೇಳದೆ ಕಿತ್ತು ಒಲೆಗೆ ಹಾಕಿದರು. ಅವರಿಗೆ ನಾನು ಪತ್ರ ಬರೆಯುತ್ತಿಲ್ಲ. ನೀವು ಕೇಳಿ ಒಯ್ದಿರಿ. ಕೇಳಿ ಒಯ್ದವರಿಗೆ ಮಾತ್ರ ನಾಚಿಕೆ ಉಳಿದಿರುತ್ತದೆ.

ಎಷ್ಟು ಉಳಿದಿದೆಯೆಂದು ಕಳೆದ ವಾರ ನೋಡಿಬಂದೆ. ಊರ ಅಡುಗೆಯವರಾದ ಉಸ್ತೊ ಸಂಗೀನ್ ಕತ್ತೆಯ ಮೇಲೆ, ನಾನು ಹಿಂದೆ ನಡೆದು, ನಿಮ್ಮ ಶಿಬಿರಕ್ಕೆ ಹತ್ತಿದೆವು. ಅವರು ತಮ್ಮ ಜಾಲಿ ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕಾವಲಿಗಿದ್ದ ನಮ್ಮೂರ ಕುರುಬ ಹೊಲ್ಮುರೊದ್ ದುರ್ಬೀನಿನಲ್ಲಿ ನೋಡಿದವನೇ ಕೂಗಿದ: "ಉಸ್ತೊ ಬಂದ್ರು! ಸೌಟೂ ತಂದಿದಾರೆ!"

ಮೂವತ್ತು ಬಂದೂಕುಗಳು ಬಂಡೆಗಳ ಹಿಂದೆ ಮಾಯವಾದವು.

"ಏಯ್, ಹೊರಗೆ ಬರ್ರೋ!" ಎಂದರು ಉಸ್ತೊ. "ನಿಮ್ಮ ಸುನ್ನತಿಗೆ ಓಶ್ ಬೇಯ್ಸಿದೋನು ನಾನು. ನನ್ನ ಹತ್ರ ಏನ್ ಮುಚ್ಚಿಡ್ತೀರಾ?"

ಕೊಪ್ಪರಿಗೆ ಮೂರು ಕಲ್ಲುಗಳ ಮೇಲೆ, ಕಂಬಳಿ ಹೊದ್ದು ಕೂತಿತ್ತು. ಬೂದಿ, ಮರಳು ಹಾಕಿ ತಿಕ್ಕಿ ತಿಕ್ಕಿ ಕನ್ನಡಿಯಂತಾಗಿತ್ತು. ಪಕ್ಕದಲ್ಲಿ ನಿಂತಿದ್ದವನು ಅಯೊಮಿದ್ದೀನ್. ನಾನು ಅವನ ಬೂಟುಗಳನ್ನು ನೋಡಿದೆ. ಒಂದಕ್ಕೆ ದಾರದ ಬದಲು ತಂತಿ ಕಟ್ಟಿದ್ದ.

"ದಿನಾ ತಿಕ್ತೀವಿ, ಉಸ್ತೊ. ಹಬ್ಬ ಆದ್ಮೇಲೆ ಅದ್ರಲ್ಲಿ ಒಂದು ಕಾಳೂ ಬೇಯ್ಸಿಲ್ಲ. ರೊಟ್ಟಿ ಆಣೆ."

"ಮತ್ಯಾಕೋ ಇಟ್ಕೊಂಡಿದೀರಾ? ಪೂಜೆ ಮಾಡೋಕಾ?"

"ಖಾಲಿ ಹೆಂಗ್ ಕೊಡೋದು?"

ಎರವಲು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಮನೆ ನಮ್ಮ ಕಣಿವೆಯಲ್ಲಿಲ್ಲ. ಬಟ್ಟಲಿಗೆ ನಾಲ್ಕು ವಾಲ್‌ನಟ್ಟಾದರೂ ಹಾಕಿಯೇ ಕೊಡುತ್ತೇವೆ. ಕೊಪ್ಪರಿಗೆಗೆ ಏನು ಹಾಕುವುದು?

"ಹಿಪ್ಪುನೇರಳೆ ಹಣ್ಣಿನ ಕಾಲದಲ್ಲಿ ತುಂಬ್ಸಿದ್ವಿ," ಎಂದ ಅಯೊಮಿದ್ದೀನ್. "ಹೊರೋರೇ ತಿಂದ್ಬಿಟ್ರು. ಆಮೇಲೆ ಒಂದು ಕುರಿ ಸಿಕ್ತು. ಅದನ್ನ ಒಳಗೆ ಕೂರಿಸ್ಕೊಂಡು ಅರ್ಧ ದಾರಿ ಇಳಿದ್ವಿ, ಉಸ್ತೊ, ಸುಳ್ಳಲ್ಲ. ಮಳೆ ಬಂತು. ನಿಂತ್ವಿ. ಹಸಿವಾಯ್ತು."

"ನನ್ನ ಕೊಪ್ಪರಿಗೇಲಿ ಬೇಯ್ಸಿದ್ರಾ?"

"ಛೆ ಛೆ! ಕೋಲಿಗೆ ಚುಚ್ಚಿ ಸುಟ್ವಿ. ಕೊಪ್ಪರಿಗೆ ಹೊತ್ಕೊಂಡು ಮತ್ತೆ ಹತ್ತಿದ್ವಿ." ತಗ್ಗಿದ ದನಿಯಲ್ಲಿ ಸೇರಿಸಿದ: "ದಳಪತಿಗಳದ್ದೂ ಅಪ್ಪಣೆ ಆಗಿದೆ. ಖಾಲಿ ಪಾತ್ರೆ ಈ ಬೆಟ್ಟದಿಂದ ಇಳೀಕೂಡ್ದು. ಇಳಿದ್ರೆ ಸೇನೆ ಹಸ್ಕೊಂಡಿದೆ ಅಂತ ಕೆಳಗೆ ಗೊತ್ತಾಗತ್ತೆ."

ಕೆಳಗೆ ಎಲ್ಲರಿಗೂ ಗೊತ್ತಿದೆ, ದಳಪತಿಗಳೇ. ಹಿಪ್ಪುನೇರಳೆಯ ಕಾಲದಿಂದಲೂ ಗೊತ್ತಿದೆ.

ತಮ್ಮನ್ನು ಕಾಣಬೇಕೆಂದೆವು. ತಾವು ಶಿಬಿರದಲ್ಲಿಲ್ಲ ಎಂದರು. ತಮ್ಮ ಚಹಾದ ಬಟ್ಟಲಿನಿಂದ ಮಾತ್ರ ಇನ್ನೂ ಆವಿ ಏಳುತ್ತಿತ್ತು. ಹೊರಡುವಾಗ ಅಯೊಮಿದ್ದೀನ್ ನನ್ನನ್ನು, "ಚೆನ್ನಾಗಿದೀರಾ, ಮೇಡಂ?" ಎಂದು ಕೇಳಿದ, ಬಂಡೆಗಳ ಹಿಂದೆ ಅಷ್ಟು ಕಿವಿಗಳಿರುವಾಗ ಇನ್ನೇನು ಕೇಳಿಯಾನು? ನಾನು, "ಚಳಿ ಇದೆ" ಎಂದೆ. ಐದು ವರ್ಷ ಸಾಹಿತ್ಯ ಓದಿದ್ದರ ಫಲ.

ಹೇಳಬೇಕಿದ್ದುದನ್ನು ಈಗ ಹೇಳುತ್ತೇನೆ. ನೀವು ಗೆಲ್ಲುವಿರೋ ಸೋಲುವಿರೋ ಎಂದು ವಿದೇಶಿ ರೇಡಿಯೊ ವಾರಕ್ಕೊಮ್ಮೆ ಅಳೆದು ತೂಗುತ್ತದೆ: ಇಷ್ಟು ಫಿರಂಗಿ, ಇಷ್ಟು ಕಣಿವೆದಾರಿ. ನನಗೆ ಅದೊಂದೂ ತಿಳಿಯದು. ನನಗೆ ಕಂಡದ್ದು ಇಷ್ಟೆ: ಒಬ್ಬ ಅಡುಗೆಯವನ ಮುಂದೆ ತಲೆತಗ್ಗಿಸಬಲ್ಲ ಸೇನೆಯನ್ನು ನಂಬಬಹುದು. ಆದರೆ ಹಿಂದಿರುಗಿಸಲು ನಾಚಿಕೆಯೆಂದು ಪರರ ವಸ್ತುವನ್ನು ಇಟ್ಟುಕೊಂಡೇ ಕೂರುವ ಸೇನೆ ರಾಜಧಾನಿಯನ್ನು ಪಡೆದು ಏನು ಮಾಡೀತು? ಒಡೆದದ್ದನ್ನು ಹೇಗೆ ಒಪ್ಪಿಸುವುದೆಂದು ಸಂಕೋಚಪಟ್ಟು ಎಪ್ಪತ್ತು ವರ್ಷ ಇಟ್ಟುಕೊಂಡೀತು. ನಿಮಗಿಂತ ಮೊದಲು ಎಪ್ಪತ್ತು ವರ್ಷ ಆಳಿದ ಕೆಂಬಾವುಟದವರೂ ಕೆಟ್ಟ ಮನಸ್ಸಿನಿಂದ ಶುರುಮಾಡಿರಲಿಲ್ಲ. ಅವರದೂ ಕರಪತ್ರವಿತ್ತು, ಅದರಲ್ಲೂ ಒಂದು ಸೂಜಿ ಇದ್ದಿರಬೇಕು.

ಮತ್ತೊಂದು ಎರವಲಿನ ನೆನಪನ್ನೂ ಮಾಡಿಕೊಡಲೇ? ನಮ್ಮೂರಿನಿಂದ ಹನ್ನೊಂದು ಹುಡುಗರನ್ನೂ ನೀವು ಕೇಳಿಯೇ ಒಯ್ದಿರಿ. ಒಂದೇ ಬೇಸಿಗೆಯ ಮಟ್ಟಿಗೆ ಎಂದಿರಿ. ಇದು ಮೂರನೆಯ ಶರತ್ಕಾಲ. ದೇವರ ದಯೆ, ಹನ್ನೊಂದು ಮಂದಿಯೂ ಇದ್ದಾರೆ. ಬಂಡೆಗಳ ಹಿಂದಿನಿಂದ ಹೊರಚಾಚಿದ್ದ ಟೊಪ್ಪಿಗಳನ್ನು, ಹೊರಗೆ ನಿಂತಿದ್ದ ಇಬ್ಬರದನ್ನೂ ಸೇರಿಸಿ, ನಾನೇ ಎಣಿಸಿದೆ. ಅವರ ತಾಯಂದಿರು ಹೆಣೆದ ಟೊಪ್ಪಿಗಳು ನನಗೆ ಗುರುತು ಸಿಗುತ್ತವೆ.

ಆದ್ದರಿಂದ ನನ್ನ ಬೇಡಿಕೆ ಸರಳವಾಗಿದೆ. ಕೊಪ್ಪರಿಗೆಯನ್ನು ಬರುವ ಶುಕ್ರವಾರದೊಳಗೆ ಕಳಿಸಿಕೊಡಿ. ಖಾಲಿ ಬೇಡ, ಪದ್ಧತಿಯನ್ನು ಮುರಿಯಿರೆಂದು ನಾನು ಕೇಳಲಾರೆ. ತುಂಬಲು ನಿಮ್ಮ ಬಳಿ ಕುರಿಯಿಲ್ಲ, ಅಕ್ಕಿಯಿಲ್ಲ, ಹಣ್ಣಿಲ್ಲ. ಅಯೊಮಿದ್ದೀನ್ ಇದ್ದಾನೆ. ಅವನನ್ನು ಅದರೊಳಗೆ ಕೂರಿಸಿ. ಮೊಣಕಾಲು ಮಡಚಿದರೆ ಹಿಡಿಸುತ್ತಾನೆ. ದಾರಿಯಲ್ಲಿ ಹಸಿವಾದರೆ ಅವನನ್ನು ಯಾರೂ ಸುಟ್ಟು ತಿನ್ನುವುದಿಲ್ಲ. ಹೊರಲು ನಾಲ್ವರು ಬೇಕು. ನಮ್ಮೂರವರೇ ಆಗಿರಲಿ, ಆ ಇಳಿಜಾರು ಅವರಿಗೆ ಗೊತ್ತು. ದಾರಿ ದೂರ, ಹೆಗಲು ಬದಲಿಸಲು ಇನ್ನು ನಾಲ್ವರು. ವರನೊಬ್ಬನೇ ಬರಬಾರದು, ಅವನ ಜೊತೆಗೆ ಸಂಗಾತಿಗಳು ಇಬ್ಬರು. ಒಟ್ಟು ಎಷ್ಟಾಯಿತೆಂದು ತಾವು ಕೂಡಿಸಿ ನೋಡಬಹುದು.

ಓಶ್ ತಿಂದಾದ ಮೇಲೆ ಪದ್ಧತಿಯಂತೆ ನಿಮ್ಮ ಪಾಲನ್ನು ಕತ್ತೆಯ ಮೇಲೆ ಹೇರಿ ಕಳಿಸುತ್ತೇವೆ. ಮಾಂಸದ ತುಂಡುಗಳನ್ನು ಮೇಲೆಯೇ ಇಡುತ್ತಾರಂತೆ ಉಸ್ತೊ. ಕತ್ತೆಯ ಹಿಂದೆ ಎಷ್ಟು ಜನ ಮತ್ತೆ ಬೆಟ್ಟ ಹತ್ತುತ್ತಾರೆ ಎಂಬುದನ್ನು ಮಾತ್ರ ನಾನು ಹೇಳಲಾರೆ. ಅದನ್ನು ಟೊಪ್ಪಿ ಹೆಣೆದವರು ತೀರ್ಮಾನಿಸುತ್ತಾರೆ.

ಇಂತಿ,
ನಿಮ್ಮ ಹನ್ನೆರಡು ಗುರಿಗಳನ್ನು ತಿದ್ದಿಕೊಟ್ಟು, ತನ್ನದೊಂದನ್ನು ಎದುರಿಗೆ ನಿಂತು ಹೇಳಲಾಗದೆ 'ಚಳಿ ಇದೆ' ಎಂದು ಬಂದ,
ನಿಜೊರಮೊ, ಒದಿನನ ಮಗಳು
ಚೋರ್ತುತ್ ಶಾಲೆ
(ಚಹಾದಂಗಡಿಗೆ ಬಾಗಿಲಿಲ್ಲದ ಕಾರಣ ಈ ಪತ್ರವನ್ನು ಅದರ ಗೋಡೆಗೆ ಅಂಟಿಸಲಾಗಿದೆ.)