ಯಜಮಾನಿಗೆ ಕಾಯಿಲೆ

ಮಾರ್ಚ್ ೩, ಬೆಳಿಗ್ಗೆ

ಕಾಫಿ ಆಯಿತು. ಪತ್ರಿಕೆಯೂ ಆಯಿತು — ಸಂಪಾದಕೀಯದಲ್ಲಿ ಮತ್ತೆ ಇಸವಿ ತಪ್ಪು. ನನ್ನ ಹಳೆಯ ದೂರಿಗೆ ನೀರಿನ ಕಚೇರಿಯಿಂದ ಇನ್ನೂ ಉತ್ತರವಿಲ್ಲ. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವಳು ನಾನು, ಕಾಯಲು ಗೊತ್ತು.

ಹಾಲ್‌ನ ಗಾಜಿನ ತೊಟ್ಟಿಯ ಮುಂದೆ ಸೊಸೆ ಮಂಡಿಯೂರಿ ಕೂತಿದ್ದಳು, ನರ್ಸ್ ಯೂನಿಫಾರ್ಮ್‌ನಲ್ಲೇ. ಉಪ್ಪುನೀರು, ಹವಳ, ಬಸವನಹುಳು, ಕಿತ್ತಳೆ ಬಣ್ಣದ ಜೋಡಿ ಮೀನು — ನಡುವೆ ಅವಳ ಅನಿಮೋನ್. ನೋಡಲು ಹೂವು, ಆದರೆ ಪ್ರಾಣಿ. ಬೆರಳಿನಂಥ ಕುಡಿ ಬಿಚ್ಚಿದರೆ ಊಟದ ತಟ್ಟೆಯಷ್ಟು ಅಗಲ. ಮನೆಯವರೆಲ್ಲ ಅದರ ಸೇವೆಗೆ ನಿಂತಿದ್ದೇವೆಂದು ಮಗ ಇಟ್ಟ ಹೆಸರು ಯಜಮಾನಿ.

ಇವತ್ತು ಮುದುಡಿ ಮಗುವಿನ ಮುಷ್ಟಿಯಷ್ಟಾಗಿದೆ.

"ಮುನಿಸಿಕೊಂಡಿದೆಯೇನೋ," ಅಂದೆ.

"ಮುನಿಸಿಗೆ ಬಣ್ಣ ಹೋಗಲ್ಲ ಅತ್ತೆ. ಕುಡಿ ಬೆಳ್ಳಗಾಗಿದೆ, ನೋಡಿ."

ಉಪ್ಪುನೀರು ಕಲಸಿಡುವ ಡ್ರಮ್ಮು ಮಾತ್ರ ಈಗ ಸೋರುವುದಿಲ್ಲ. ಕಳೆದ ತಿಂಗಳು ಅದರ ಪ್ಲಾಸ್ಟಿಕ್ಕಿನ ನಲ್ಲಿ ಸೀಳಿದಾಗ ನಾನೇ ಅಂಗಡಿಗೆ ಹೋಗಿ ಹಿತ್ತಾಳೆಯದು ತಂದು ಹಾಕಿಸಿದ್ದೆ. ನಮ್ಮ ಕಾಲದ ನಲ್ಲಿಗಳು ತಲೆಮಾರು ದಾಟುತ್ತಿದ್ದವು. ಈಗಿನವು ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬಾಳುವುದಿಲ್ಲ — ಆರಿಸಿ ಬಂದವರ ಮಾತಿನ ಹಾಗೆ.

ಮಾರ್ಚ್ ೬

ನಿನ್ನೆ ತೊಟ್ಟಿಯ ಒಂದಷ್ಟು ನೀರು ತೆಗೆದು ಡ್ರಮ್ಮಿನ ಹೊಸ ನೀರು ತುಂಬಿದಳು. ಕಾಯಿಲೆ ಬಿದ್ದ ತೊಟ್ಟಿಗೆ ಮೊದಲ ಮದ್ದು ಅದೇ ಅಂತೆ. ಇವತ್ತು ಇನ್ನೂ ಕೆಟ್ಟಿದೆ. ಯಜಮಾನಿಯ ಬಾಯಿ ತೆರೆದು ಜೋತು ಬಿದ್ದಿದೆ. ಅದರ ಮಡಿಲಲ್ಲಿ ಮಲಗುವ ಮೀನುಗಳು ಮನೆ ಕಳೆದುಕೊಂಡವರಂತೆ ಮೂಲೆ ಹಿಡಿದಿವೆ.

ಸಾಕುಮೀನಿನ ಅಂಗಡಿಯವನಿಗೆ ಸೊಸೆ ಫೋನ್ ಮಾಡಿದಳು.

"ಸಾಯ್ತಿದೆ ಮೇಡಂ, ಎತ್ತಿ ಬಿಸಾಕಿ. ಅದು ತೊಟ್ಟಿಯಲ್ಲೇ ಕೊಳೆತ್ರೆ ನೀರೆಲ್ಲ ವಿಷ. ಮೀನೂ ಉಳಿಯಲ್ಲ."

ಮಗನದೂ ಅದೇ ರಾಗ. "ಭಾನುವಾರದವರೆಗೆ ನೋಡೋಣ. ಆಮೇಲೆ ನಾನೇ ತೆಗೀತೀನಿ."

ಸೊಸೆ ತಲೆ ಎತ್ತಲಿಲ್ಲ. "ಉಸಿರಾಡ್ತಿರೋ ಪೇಷಂಟನ್ನ ಶವಾಗಾರಕ್ಕೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ."

ಉಗುರಿನಷ್ಟಿದ್ದ ತುಣುಕನ್ನು ತಂದು ಇಷ್ಟು ದೊಡ್ಡದು ಮಾಡಿದವಳು ಅವಳು.

ಮಾರ್ಚ್ ೭

ಇನ್ನಷ್ಟು ನೀರು ಬದಲಾಯಿಸಿದಳು. ಇನ್ನಷ್ಟು ಕುಗ್ಗಿತು.

ಹೊಸ ನೀರು ಹೋದಾಗಲೇ ಕೆಡುವುದಾದರೆ ದೋಷ ಯಾರದು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹಿಂದೊಮ್ಮೆ ಕೊಳವೆ ತೊಳೆಯುತ್ತೇವೆಂದು ಕ್ಲೋರಿನ್ ಸುರಿದು ಇಡೀ ಬೀದಿಯ ಬಟ್ಟೆ ಬಿಳಿಚಿಸಿದವರು ಈ ನೀರಿನ ಕಚೇರಿಯವರು. ಆಗಿನ ಅಧಿಕಾರಿ ಬಿಸಿಲಿನ ಮೇಲೆ ತಪ್ಪು ಹೊರಿಸಿದ್ದ. ಬೀದಿ ಮರೆತಿದೆ. ನಾನು ಮರೆತಿಲ್ಲ.

ನೀರಿನ ಕಚೇರಿಗೆ ಹೋಗಿಯೇ ಬಿಟ್ಟೆ. ಇಂಜಿನಿಯರ್ ಕನ್ನಡಕ ತೆಗೆದ.

"ಅನಿಮೋನ್ ಅಂದ್ರೆ... ನಾಯಿ ತಳಿನಾ ಮೇಡಂ?"

"ನಾಯಿ ಆಗಿದ್ರೆ ಜೊತೆಗೇ ಕರ್ಕೊಂಡು ಬರ್ತಿದ್ದೆ."

ಪಕ್ಕದ ಮೇಜಿನವರು ನಕ್ಕರು. ದೂರು ದಾಖಲಾಯಿತು.

ಮಾರ್ಚ್ ೮, ಮಧ್ಯಾಹ್ನ

ಸೊಸೆ ರಜೆ ಹಾಕಿದ್ದಾಳೆ. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಸುಮ್ಮನೆ ನೋಡುತ್ತ ಕೂತಳು. ಕೊನೆಗೆ ಅಂದಳು:

"ವಾರ್ಡಲ್ಲಿ ಏನಾದ್ರೂ ಹಬ್ಬಿದ್ರೆ, ಯಾರಿಗೆ ಬಂದಿದೆ ಅಂತ ಎಲ್ಲರೂ ನೋಡ್ತಾರೆ. ಯಾರಿಗೆ ಬಂದಿಲ್ಲ ಅಂತ ನಾವು ನೋಡ್ಬೇಕು. ಮೀನು ಚೆನ್ನಾಗಿ ತಿಂತಿವೆ. ಬಸವನಹುಳು ಗಾಜು ಬಿಟ್ಟು ಬಿದ್ದಿವೆ, ಹವಳ ಮುಚ್ಚಿದೆ, ಯಜಮಾನಿ ಹೀಗೆ. ಬೆನ್ನೆಲುಬಿಲ್ಲದವನ್ನೇ ಹಿಡಿದಿದೆ. ನೀರಲ್ಲಿ ತಾಮ್ರ ಸೇರಿದೆ ಅನ್ಸುತ್ತೆ, ಮೀನು ತಡ್ಕೊಳ್ಳೋ ಅಷ್ಟಕ್ಕೇ ಇವು ಸಾಯ್ತವೆ."

"ಅವರ ಕೊಳವೆಯಿಂದಲೇ," ಅಂದೆ.

"ನೋಡೋಣ."

ಪುಟ್ಟ ಗಾಜಿನ ನಳಿಕೆಗಳಲ್ಲಿ ನೀರು ಹಿಡಿದು, ತಾಮ್ರವಿದ್ದರೆ ಬಣ್ಣ ತೋರುವ ಔಷಧದ ಹನಿ ಬಿಟ್ಟಳು. ಬೀದಿ ಕೊಳವೆಯ ನೀರು — ಬಣ್ಣವಿಲ್ಲ. ಡ್ರಮ್ಮಿಗೆ ತುಂಬುವ ಫಿಲ್ಟರಿನದು — ಬಣ್ಣವಿಲ್ಲ. ಡ್ರಮ್ಮಿನ ಉಪ್ಪುನೀರು, ನಲ್ಲಿ ತಿರುಗಿಸಿ ಹಿಡಿದದ್ದು... ತೆಳುವಾಗಿ ಗುಲಾಬಿ ಏರಿತು.

ನಲ್ಲಿಯನ್ನು ನೋಡಿದಳು. ಆಮೇಲೆ ನನ್ನನ್ನು.

"ಅತ್ತೆ, ಇದು ನೀವು ತಂದ ನಲ್ಲಿ. ಹಿತ್ತಾಳೆಯಲ್ಲಿರೋ ತಾಮ್ರ ಉಪ್ಪುನೀರಿಗೆ ಬಿಡುತ್ತೆ. ವಾಸಿಯಾಗ್ಲಿ ಅಂತ ನಾನು ಹಾಕ್ತಾ ಬಂದಿದ್ದೇ ವಿಷ."

ಮಗ ಬಾಗಿಲಲ್ಲಿ ನಿಂತಿದ್ದ. "ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಪಾಪ ಆ ಇಂಜಿನಿಯರು."

ಸಿಟ್ಟು ನೆತ್ತಿಗೇರಿತು. ತಾಮ್ರಯುಗದ ಪಾಠ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡವಳಿಗೆ ಹಿತ್ತಾಳೆಯ ಹೊಟ್ಟೆಯಲ್ಲೇನಿದೆ ಎಂದು ಹೇಳಿಕೊಡುವುದೇ? ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಸಂಜೆ

ಸಿಟ್ಟು ಇಳಿದಿದೆ. ಶಾಲೆಯಲ್ಲಿ ನನ್ನ ತಪ್ಪನ್ನು ಯಾರೂ ಎದುರಿಗೆ ಹೇಳಲಿಲ್ಲ. ಹಿಂದಿನಿಂದ ಎಲ್ಲರೂ ಹೇಳಿದರು. ಮಗನಾಗಿದ್ದರೆ ನಾನಿಲ್ಲದಾಗ ನಲ್ಲಿ ಬದಲಾಯಿಸಿ, ಹಳೆಯದು ಕಳ್ಳರ ಪಾಲಾಯಿತು ಅನ್ನುತ್ತಿದ್ದ. ಇವಳು ಹಾಗಲ್ಲ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು; ದನಿ ಏರಿಸಲಿಲ್ಲ, ಸಕ್ಕರೆಯನ್ನೂ ಸವರಲಿಲ್ಲ. ಇಂಥ ಒಬ್ಬಳು ಆ ಕಚೇರಿಯಲ್ಲಿದ್ದಿದ್ದರೆ ಬೀದಿಯ ಬಟ್ಟೆ ಉಳಿಯುತ್ತಿದ್ದವು.

ನಮ್ಮ ಮನೆಯಲ್ಲಿದ್ದಾಳೆ. ಅದು ನಮ್ಮ ಪುಣ್ಯ.

ಮಾರ್ಚ್ ೯, ಭಾನುವಾರ

ಹೊಸ ಡ್ರಮ್ಮು, ಪ್ಲಾಸ್ಟಿಕ್ಕಿನ ನಲ್ಲಿ. ನಾನೇ ಹೋಗಿ ತಂದೆ. ತಾಮ್ರ ಹೀರುವ ಪೊಟ್ಟಣವೊಂದನ್ನು ಸೊಸೆ ತೊಟ್ಟಿಯ ಫಿಲ್ಟರಿನಲ್ಲಿಟ್ಟಳು.

ಮಗ ಬಕೆಟ್ ಹಿಡಿದು ಬಂದ. "ಅಮ್ಮ, ಗಡುವು ಇವತ್ತಿಗೆ. ಮೀನನ್ನಾದ್ರೂ ಉಳಿಸ್ಕೊಳ್ಳೋಣ."

"ಗಡುವು ಹಾಕೋಕೆ ನೀನೇನು ಸರ್ಕಾರವಾ? ಬಕೆಟ್ ಕೆಳಗಿಡು. ಡಾಕ್ಟರು ಹೇಳೋವರೆಗೆ ಯಾರೂ ಕೈ ಹಾಕೋ ಹಾಗಿಲ್ಲ."

ಸೊಸೆ ತಿರುಗಿ ನೋಡಿದಳು. ನಕ್ಕಳೋ ಇಲ್ಲವೋ, ಗೊತ್ತಾಗಲಿಲ್ಲ.

ಮಾರ್ಚ್ ೧೪

ಯಜಮಾನಿಯ ಬಾಯಿ ಮುಚ್ಚಿದೆ. ಅಷ್ಟೇ. ಸೊಸೆಗೆ ಅದೇ ದೊಡ್ಡದು.

ನೀರಿನ ಕಚೇರಿಗೆ ಹೋಗಿ ದೂರು ಹಿಂತೆಗೆದುಕೊಂಡೆ. ಇಂಜಿನಿಯರ್ ಗಾಬರಿಯಾದ, ಅವನ ಸರ್ವೀಸಿನಲ್ಲಿ ಹಾಗೆ ಯಾರೂ ಮಾಡಿರಲಿಲ್ಲವಂತೆ. ಕ್ಲೋರಿನ್ ಪ್ರಕರಣ ಹಾಗೇ ಇದೆ ಎಂದು ಹೇಳಿಯೇ ಎದ್ದೆ.

ಏಪ್ರಿಲ್ ೧೯, ಸಂಜೆ

ಎಷ್ಟೋ ದಿನವಾಯಿತು ಬರೆದು. ನೋಡುವುದೇ ಕೆಲಸವಾಗಿತ್ತು.

ಯಜಮಾನಿ ಕಲ್ಲನ್ನು ಕಚ್ಚಿ ನಿಂತಿದೆ, ಕುಡಿಗೆ ಕಂದು ಬಣ್ಣ ಮರಳಿದೆ. ಬೆಳಿಗ್ಗೆ ಹೆಣ್ಣು ಮೀನು ಸುತ್ತ ಸುಳಿದು, ಒಮ್ಮೆ ಮೂಗು ತಾಗಿಸಿ, ನುಗ್ಗಿ ಒಳಗೆ ಹೊರಳಿತು. ಸೊಸೆ ಡ್ಯೂಟಿಗೆ ತಡಮಾಡಿಕೊಂಡು ಹೋದಳು.

ಅವಳು ಮರಳಿದ ಮೇಲೆ ಮೀನಿನಂಗಡಿಯವನು ಬಂದಿದ್ದ. ಗಾಜಿಗೆ ಮುಖ ಒತ್ತಿ ನಿಂತ. "ಇದು ಅದೇನಾ? ತಾಮ್ರ ಅಂತ ಕಂಡುಹಿಡಿದಿದ್ದು ಯಾರು?"

"ನನ್ನ ಸೊಸೆ." ಬೇಕಾದ್ದಕ್ಕಿಂತ ಜೋರಾಗಿ ಹೇಳಿದೆ, ಪಕ್ಕದ ಮನೆಯ ಕಿಟಕಿ ತೆರೆದಿತ್ತು.

"ತಾಮ್ರ ಎಲ್ಲಿಂದ ಬಂತು?"

ಸೊಸೆ ಕಾಫಿ ಲೋಟ ತೊಳೆಯುತ್ತಲೇ ಇದ್ದಳು.

"ನನ್ನಿಂದ," ಅಂದೆ. ಅದನ್ನೂ ಜೋರಾಗಿಯೇ.

ಅವನ ಗಿರಾಕಿಯೊಬ್ಬರ ತೊಟ್ಟಿ ಕೆಟ್ಟಿದೆಯಂತೆ, ಅವಳನ್ನು ಕೇಳಲು ಫೋನ್ ಮಾಡುತ್ತಾರಂತೆ. ಮಾಡಲಿ. ಅವಳು ದಣಿದು ಈಗಷ್ಟೇ ಮಲಗಿದ್ದಾಳೆ, ಫೋನ್ ನಾನೇ ಎತ್ತುತ್ತೇನೆ. ಮೊದಲು, ಯಾರಿಗೆ ಬಂದಿಲ್ಲ ಎಂದು ಕೇಳಬೇಕು. ಆಮೇಲೆ... ರಿಂಗ್ ಆಗುತ್ತಿದೆ, ಅವಳಿಗೆ ಎಚ್ಚರವಾಗುವ ಮೊದಲು —