ಶಿವಲೀಲಾಳಿಗೆ ಕೇಳಿದ ಪ್ರಶ್ನೆ

ಗದಗ, ಹದಿಮೂರನೇ ತಿಂಗಳ ಒಂಬತ್ತು, ೨೨೧೪

ಶಿವಲೀಲಾ,

ನನ್ನ ಕಾಲಿನ ವಿಷಯದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಇದು ಅನ್ಯಾಯ. ನಾನು ನಿನಗಿಂತ ಬಹಳ ಮುಂದಿನ ಕಾಲದವಳು; ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ನಮ್ಮ ಬಾಯಲ್ಲಿ ನೀನು ಕೇಳದ ಪದಗಳು; ವಿಚಿತ್ರವೆನಿಸಿದರೆ ಕ್ಷಮಿಸು. ಅನ್ಯಾಯ ಮಾತ್ರ ನಿನಗೆ ಅರ್ಥವಾಗುತ್ತದೆ. ನಿನಗೀಗ ಹದಿನಾಲ್ಕು, ಮೊಣಕಾಲಿನ ಮೇಲೆ ಮೂಳೆ ಕ್ಯಾನ್ಸರ್. ನನಗೂ ಅದೇ ವಯಸ್ಸಿಗೆ ಅದೇ ಬಂತು.

ಯಾರ ದೇಹಕ್ಕೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸುವ ಅಂಗಮಂಡಳಿ ನನ್ನನ್ನು ನಿಶ್ಚಲಗೃಹಕ್ಕೆ ಕಳಿಸಿತು. ಅಲ್ಲಿ ಕೆಟ್ಟ ಮೂಳೆ ತೆಗೆದು ಹೊಸದನ್ನು ಬೆಳೆಸುತ್ತಾರೆ. ಅದು ಗಟ್ಟಿಯಾಗುವವರೆಗೆ ಅಲುಗಾಡುವಂತಿಲ್ಲ. ಮೂರು ವರ್ಷ ಮಲಗಿದ್ದೆ. ಗಂಜಿ ಕೊಳವೆಯಲ್ಲಿ ಬರುತ್ತಿತ್ತು, ಆಕಾಶ ವಾರಕ್ಕೊಮ್ಮೆ ಚಾವಣಿಯ ಪರದೆಯ ಮೇಲೆ. ಗೆಳತಿಯರು ಪ್ರತಿ ಸಲ ಇನ್ನಷ್ಟು ಎತ್ತರವಾಗಿ ಬಂದು ನೋಡಿ ಹೋಗುತ್ತಿದ್ದರು. ಈಗ ಕಾಲು ಚೆನ್ನಾಗಿದೆ. "ಕಾಲ್ ಬಂತಲ್ಲವಾ, ಇನ್ನೇನ್ ನಿನ್ ತಕರಾರು?" ಅನ್ನುತ್ತಾಳೆ ಅವ್ವ. "ಮೂರ್ ವರ್ಷ ಎಲ್ಲದಾವು?" ಅಂದರೆ ತಲೆ ತಗ್ಗಿಸಿ ಮೆಂತ್ಯ ಸೋಸುತ್ತಾಳೆ.

ಮಲಗಿದ್ದಲ್ಲೇ ಹಳೆಯ ಕರಪತ್ರಗಳನ್ನು ಪರದೆಗೆ ತರಿಸಿಕೊಂಡು ಓದಿದೆ. ಕೂಲಿಯ ಹೋರಾಟ, ನೀರಿನ ಹೋರಾಟ, ಎಲ್ಲ. ಅವುಗಳ ನಡುವೆ ನಿನ್ನದು ಸಿಕ್ಕಿತು: ಆಸ್ಪತ್ರೆಯೊಂದು ರೋಗಿಗಳಿಗೆಂದು ಮುದ್ರಿಸಿದ ನಾಲ್ಕು ಪುಟ, ಮೇಲೆ ನಿನ್ನ ಹೆಸರು, ವಯಸ್ಸು. ಒಳಗೆ ಮೂರು ದಾರಿ. ಕಾಲು ತೆಗೆಯುವುದು. ಲೋಹದ ಮೂಳೆ ಹಾಕಿ ಕಾಲು ಉಳಿಸುವುದು. ಕೆಟ್ಟ ಭಾಗ ತೆಗೆದು, ಪಾದವನ್ನು ಹಿಂದುಮುಂದಾಗಿ ಜೋಡಿಸಿ, ಕಣಕಾಲಿನ ಕೀಲನ್ನೇ ಮೊಣಕಾಲಾಗಿಸುವುದು. ಮೂರರ ಮುಂದೆಯೂ ಖಾಲಿ ಚೌಕ. ಅಂಚಿನಲ್ಲಿ ನಿನ್ನ ಪೆನ್ಸಿಲು:

"ಅಪ್ಪ: ಲೋಹದ್ದ ಹಾಕಸೂಣು, ನೋಡಾಕರ ಎರಡ್ ಕಾಲ್ ಇರ್ತಾವು. ನಾನು: ಅದ್ರಾಗ ಓಡಬಾರ್ದಂತ. ಖೋಖೋ ನೀ ಆಡ್ತೀಯೇನ್? ಅತ್ತಿ: ತಿರುಗಾ ಪಾದ ಕಂಡ್ರ ಮಂದಿ ನಗ್ತಾರ. ನಾನು: ನಗೂವಷ್ಟರಾಗ ಔಟ್ ಮಾಡಿರ್ತೀನಿ. ಡಾಕ್ಟರ್ ಬಾಯಿ: ಎಲ್ಲಾರ್ದೂ ಕೇಳಿದೆ. ನಿನಗೇನ್ ಬೇಕವಾ?"

ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಓದಿದಾಗಲೆಲ್ಲ ಹೊಟ್ಟೆ ಉರಿಯಿತು. ನಿನ್ನ ಕಾಲು ಹೋಗಬಹುದು, ನೀನೇ ಉಳಿಯದಿರಬಹುದು, ನನ್ನದು ಗಟ್ಟಿಯಾಗಿದೆ. ಆದರೂ ನಿನ್ನ ಮೇಲೆ ನನಗೆ ಅಸೂಯೆ. ನಿನ್ನ ಭಯ ಕೂಡ ನಿನ್ನದೇ. ನನ್ನ ಭಯವನ್ನೂ ಮಂಡಳಿಯವರೇ ಪಟ್ಟು, ಮುಗಿಸಿ, ನನಗೆ ಕಾಲು ತಂದುಕೊಟ್ಟರು. ಕರುಣೆಯಿಂದ ಮಾಡಿದ್ದೆಂದು ಅದನ್ನು ಒಪ್ಪಿಕೊಳ್ಳಲಾರೆ.

ಈಗ ಅದೇ ಕ್ಯಾನ್ಸರಿನ ಗಂಟು ಇನ್ನೊಂದು ಕಾಲಿನಲ್ಲಿ, ಎಡಗಾಲಿನಲ್ಲಿ, ಬಂದಿದೆ. ನನಗೆ ಹದಿನೆಂಟು. ಮಂಡಳಿ ಮತ್ತೆ ನಿಶ್ಚಲಗೃಹದ ಹಾಸಿಗೆ ಕಾದಿರಿಸಿದೆ. ನಾಳೆ ಮುದ್ರೆ ಒತ್ತುತ್ತದೆ. ನಾನು ನಿನ್ನ ನಾಲ್ಕು ಪುಟ ಹಿಡಿದು ಹೋಗಿ, ಕೇಳಿ ನನ್ನನ್ನು ಎಂದು ಅವರ ಮುಂದೆ ಕೂರುತ್ತೇನೆ. ಏನು ಹೇಳುತ್ತೇನೋ ಗೊತ್ತಿಲ್ಲ. ಮತ್ತೆ ಮಲಗುತ್ತೇನೆ ಎಂದೂ ಅನ್ನಬಹುದು. ಅದು ನನ್ನ ಬಾಯಿಂದ ಬರಲಿ.

ಹಿಂದಂಚೆಯವರು, ಅಂದರೆ ಕಳೆದ ಕಾಲಕ್ಕೆ ಪತ್ರ ಒಯ್ಯುವವರು, ಇದನ್ನು ನಿನ್ನ ಬುಧವಾರ ತಲುಪಿಸುತ್ತಾರೆ. ನೀನು ಯಾವ ಚೌಕಕ್ಕೆ ಗುರುತು ಹಾಕಿದೆ ಎಂದು ನಿನ್ನ ಪುಟಗಳಲ್ಲಿಲ್ಲ. ನನಗೆ ತಿಳಿಸುವುದೂ ಬೇಡ. ಬೇರೆ ಯಾರೂ ಹಾಕದಂತೆ ಪೆನ್ಸಿಲನ್ನು ನಿನ್ನ ಕೈಯಲ್ಲೇ ಇಟ್ಟುಕೋ. ಕೊನೆಯ ಪುಟದ ಕೆಳಗೆ, ಉತ್ತರ ಹೇಳಲು ಡಾಕ್ಟರನ್ನು ಮತ್ತೆ ಕಾಣುವ ಹೊತ್ತು ಬರೆದುಕೊಂಡಿದ್ದೀಯ. ನಮ್ಮ ಮಂಡಳಿಯಿಂದ ನಾನೂ ಅದೇ ಹೊತ್ತು ಕೇಳಿ ಪಡೆದಿದ್ದೇನೆ. ನೀನು ಅಲ್ಲಿ ಬಾಯಿ ತೆರೆ, ನಾನು ಇಲ್ಲಿ ತೆರೆಯುತ್ತೇನೆ. ಗುರುವಾರ, ಬೆಳಿಗ್ಗೆ ಹತ್ತೂವರೆಗೆ.

ನೀಲವ್ವ